ಕನ್ಯಾ ಶಾಲೆಯೋ, ಕೂಡಿ ಓದುವ ಶಾಲೆಯೋ: ಕಲಬುರಗಿ ಭಾಗದ ಪಾಲಕರಿಗೊಂದು ಹೋಲಿಕೆ

ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮಗಳು ಏಳನೆಯ ತರಗತಿ ಮುಗಿಸುವ ಹೊತ್ತಿಗೆ ಮನೆಯ ಕಟ್ಟೆಯ ಮೇಲೆ ಒಂದು ಮಾತು ಏಳುತ್ತದೆ. ಊರಿನ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ. ಪ್ರೌಢಶಾಲೆ ಇರುವುದು ಪಕ್ಕದ ಊರಿನಲ್ಲೋ ತಾಲ್ಲೂಕು ಕೇಂದ್ರದಲ್ಲೋ. ಅಲ್ಲಿ ಹುಡುಗರೂ ಇರುತ್ತಾರೆ. ‘ಗಂಡು ಹುಡುಗರ ಜೋಡಿ ಕೂಡಿಸಲಾಕ ಮನಸ್ಸಿಲ್ರಿ ಟೀಚರ್, ಬರೇ ಹೆಣ್ಣುಮಕ್ಕಳ ಶಾಲಿ ಇದ್ರ ಹೇಳ್ರಿ’ ಎಂದು ಕೇಳಿದ ತಂದೆಯರು ಎಷ್ಟು ಮಂದಿಯೋ, ಲೆಕ್ಕವಿಟ್ಟಿಲ್ಲ. ಬಾಲಕಿಯರ ಪ್ರೌಢಶಾಲೆಯಲ್ಲಿ ಕೆಲವು ವರ್ಷ, ಹುಡುಗ ಹುಡುಗಿಯರು ಕೂಡಿ ಓದುವ ಶಾಲೆಯಲ್ಲಿ ಉಳಿದ ವರ್ಷಗಳು ಗಣಿತ ಕಲಿಸಿ ನಿವೃತ್ತಳಾದ ನನಗೆ ಅದಕ್ಕೆ ಒಂದೇ ಸಾಲಿನ ಉತ್ತರ ಎಂದೂ ಹೊಳೆದಿಲ್ಲ. ಉತ್ತರವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದಷ್ಟೇ ಈಗ ಗೊತ್ತಾಗಿದೆ: ಮೊದಲು ದಾರಿ, ಆಮೇಲೆ ಶೌಚಾಲಯ, ಆಮೇಲೆ ಶಿಕ್ಷಕರು ಮತ್ತು ವಿಷಯಗಳು, ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆಯ ಸರದಿ ಇವೆಲ್ಲದರ ನಂತರ. ಈ ಕ್ರಮಕ್ಕೆ ಒಂದು ಅಪವಾದವಿದೆ, ಮತ್ತು ನಮ್ಮ ಭಾಗದಲ್ಲಿ ಆ ಅಪವಾದ ಸಣ್ಣದಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಇರುವ ಆಯ್ಕೆಗಳು

ಈ ಚರ್ಚೆ ಎರಡು ಬಣಗಳ ಜಗಳದಂತೆ ನಡೆಯುತ್ತದಾದರೂ ಪಾಲಕರ ಎದುರು ನಿಜವಾಗಿ ಇರುವ ಆಯ್ಕೆಗಳು ನಾಲ್ಕು. ಬಾಲಕಿಯರಿಗೆಂದೇ ಇರುವ ಶಾಲೆ ಅಥವಾ ಪದವಿಪೂರ್ವ ಕಾಲೇಜು ಮೊದಲನೆಯದು. ನಗರದಲ್ಲಿ ಮತ್ತು ದೊಡ್ಡ ತಾಲ್ಲೂಕು ಕೇಂದ್ರಗಳಲ್ಲಿ ಇದು ಸಿಗುತ್ತದೆ, ಹೋಬಳಿ ಮಟ್ಟದಲ್ಲಿ ಅಪರೂಪ. ಹುಡುಗ ಹುಡುಗಿಯರು ಒಂದೇ ಕೋಣೆಯಲ್ಲಿ ಓದುವ ಸಾಮಾನ್ಯ ಪ್ರೌಢಶಾಲೆ ಎರಡನೆಯದು. ಹೊರಗಿನ ಗೇಟು ಒಂದೇ ಆದರೂ ಒಳಗೆ ಸೆಕ್ಷನ್ ಬೇರೆ ಬೇರೆ ಮಾಡಿರುವ ಸಂಸ್ಥೆಗಳು ಮೂರನೆಯವು. ಪಿಯುಸಿ ಹಂತದ ಖಾಸಗಿ ಕಾಲೇಜುಗಳಲ್ಲಿ ಈ ಪದ್ಧತಿ ಹೆಚ್ಚು. ನಾಲ್ಕನೆಯದು ವಸತಿ ಶಾಲೆ, ಮತ್ತು ಅದರಲ್ಲೂ ಎರಡು ಬಗೆ: ಹೆಣ್ಣುಮಕ್ಕಳಿಗೆ ಮಾತ್ರ ಇರುವ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಒಂದು ಬಗೆಯಾದರೆ, ಇಬ್ಬರಿಗೂ ಪ್ರವೇಶವಿರುವ ಮುರಾರ್ಜಿ ದೇಸಾಯಿ ಶಾಲೆ ಮತ್ತು ನವೋದಯ ವಿದ್ಯಾಲಯ ಇನ್ನೊಂದು ಬಗೆ. ನವೋದಯದಲ್ಲಿ ಕನಿಷ್ಠ ಮೂರನೇ ಒಂದು ಭಾಗದ ಸೀಟು ಹೆಣ್ಣುಮಕ್ಕಳಿಗೆ ಮೀಸಲು.

ಸರ್ಕಾರವೇ ಹೆಣ್ಣುಮಕ್ಕಳಿಗಾಗಿ ಬೇರೆ ಶಾಲೆ ನಡೆಸುವುದು ಸಮಾನತೆಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಂವಿಧಾನದ 15(3)ನೆಯ ವಿಧಿ ಮಹಿಳೆಯರಿಗೆ ಮತ್ತು ಮಕ್ಕಳಿಗೆ ವಿಶೇಷ ಸೌಲಭ್ಯ ಕಲ್ಪಿಸಲು ಅವಕಾಶ ಕೊಟ್ಟಿರುವುದರಿಂದ ಕಾನೂನಿನ ಕಡೆಯಿಂದ ತೊಡಕಿಲ್ಲ. ಆದರೆ ನೀತಿ ಎಲ್ಲ ಕಡೆಯೂ ಒಂದೇ ದಿಕ್ಕಿನಲ್ಲಿ ಸಾಗುತ್ತಿಲ್ಲ. ಕೇರಳದ ಮಕ್ಕಳ ಹಕ್ಕುಗಳ ಆಯೋಗ 2022ರಲ್ಲಿ ರಾಜ್ಯದ ಶಾಲೆಗಳೆಲ್ಲ ಸಹಶಿಕ್ಷಣಕ್ಕೆ ಬರಬೇಕು ಎಂದು ಆದೇಶಿಸಿತು; ಅಮೆರಿಕ ಅದಕ್ಕೆ ತದ್ವಿರುದ್ಧವಾಗಿ 2006ರಲ್ಲಿ ನಿಯಮ ಸಡಿಲಿಸಿ ಸಾರ್ವಜನಿಕ ಶಾಲೆಗಳಲ್ಲಿ ಪ್ರತ್ಯೇಕ ತರಗತಿಗಳಿಗೆ ದಾರಿ ಮಾಡಿಕೊಟ್ಟಿತು.

ಅಂಕಗಳ ಲೆಕ್ಕ

‘ಹುಡುಗರಿಲ್ಲದಿದ್ದರೆ ಹುಡುಗಿಯರು ಚೆನ್ನಾಗಿ ಓದುತ್ತಾರೆ’ ಎಂಬ ಮಾತನ್ನು ಮೊದಲು ಪರೀಕ್ಷಿಸೋಣ. ಬಾಲಕಿಯರ ಶಾಲೆಯ ಫಲಿತಾಂಶ ಉತ್ತಮವಾಗಿದ್ದರೆ ಅದಕ್ಕೆ ಕಾರಣ ಹುಡುಗರಿಲ್ಲದಿರುವುದೇ ಇರಬೇಕೆಂದಿಲ್ಲ. ಮಗಳನ್ನು ಹುಡುಕಿಕೊಂಡು ಹೋಗಿ ಅಂಥ ಶಾಲೆಗೆ ಸೇರಿಸುವ ಮನೆಯಲ್ಲಿ ಓದಿನ ಬಗ್ಗೆ ಮೊದಲೇ ಕಾಳಜಿ ಇರುತ್ತದೆ. ಶುಲ್ಕ ತೆಗೆದುಕೊಳ್ಳುವ ಶಾಲೆಯಾದರೆ ಹಣವೂ ಇರುತ್ತದೆ. ಹೊಲದ ಫಸಲು ಚೆನ್ನಾಗಿ ಬಂದದ್ದಕ್ಕೆ ಬೀಜ ಕಾರಣವೋ ಎರೆಮಣ್ಣು ಕಾರಣವೋ ಎಂದು ತಿಳಿಯಬೇಕಾದರೆ ಅದೇ ಬೀಜವನ್ನು ಮಸಾರಿ ನೆಲದಲ್ಲೂ ಬಿತ್ತಿ ನೋಡಬೇಕಷ್ಟೆ. ಎರಿನ್ ಪಾಲ್ಕೆ, ಜಾನೆಟ್ ಹೈಡ್ ಮತ್ತು ಕಾರ್ಲಿ ಆಲಿಸನ್ ಎಂಬ ಮನೋವಿಜ್ಞಾನಿಗಳು 2014ರಲ್ಲಿ 21 ದೇಶಗಳ 184 ಅಧ್ಯಯನಗಳನ್ನು, ಅಂದರೆ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು, ಒಟ್ಟಿಗಿಟ್ಟು ಪರಿಶೀಲಿಸಿದಾಗ ಕಂಡದ್ದು ಇದನ್ನೇ: ಮನೆಯ ಹಿನ್ನೆಲೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಧ್ಯಯನಗಳಲ್ಲಿ ಪ್ರತ್ಯೇಕ ಶಾಲೆಗೆ ಸ್ವಲ್ಪ ಮೇಲುಗೈ ಕಾಣುತ್ತದೆ, ಎಚ್ಚರಿಕೆಯಿಂದ ಲೆಕ್ಕ ಹಾಕಿದ ಅಧ್ಯಯನಗಳಲ್ಲಿ ಆ ಮೇಲುಗೈ ಬಹುತೇಕ ಕರಗಿಹೋಗುತ್ತದೆ.

ಅಷ್ಟಕ್ಕೇ ವಿಷಯ ಮುಗಿಯಿತು ಎನ್ನುವವರಿಗೆ ದಕ್ಷಿಣ ಕೊರಿಯಾದ ಉದಾಹರಣೆ ಉತ್ತರ ಕೊಡುತ್ತದೆ. ಅಲ್ಲಿ 1974ರಿಂದ ಜಾರಿಗೆ ಬಂದ ನೀತಿಯಂತೆ ಸೋಲ್ ನಗರದ ಮಕ್ಕಳನ್ನು ಅವರವರ ವಲಯದ ಹೈಸ್ಕೂಲುಗಳಿಗೆ ಚೀಟಿ ಎತ್ತಿ ಹಂಚಲಾಗುತ್ತಿತ್ತು. ಪ್ರತ್ಯೇಕ ಶಾಲೆಯೋ ಸಹಶಿಕ್ಷಣದ ಶಾಲೆಯೋ ಎಂಬುದು ಪಾಲಕರ ಕೈಯಲ್ಲಿರಲಿಲ್ಲ. ಈ ಆಕಸ್ಮಿಕವನ್ನು ಬಳಸಿಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರತ್ಯೇಕ ಶಾಲೆಗೆ ಬಿದ್ದ ಹುಡುಗರೂ ಹುಡುಗಿಯರೂ ಭಾಷಾ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದದ್ದು, ಕಾಲೇಜು ಸೇರಿದವರ ಪ್ರಮಾಣವೂ ಹೆಚ್ಚಿದ್ದದ್ದು ಕಂಡುಬಂತು. ಟ್ರಿನಿಡಾಡ್‌ನ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ ಅಲ್ಲಿ ಮೊದಲೇ ಇದ್ದ ಪ್ರತ್ಯೇಕ ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಬರೆದದ್ದು ಒಂದು ಬಗೆ: ಹೆಚ್ಚಿನ ಮಕ್ಕಳಿಗೆ ಅದರಿಂದ ಲಾಭವಿಲ್ಲ, ಅಂಥ ಶಾಲೆಯೇ ಬೇಕೆಂದು ಬಲವಾಗಿ ಬಯಸಿದವರಿಗೆ, ಅದರಲ್ಲೂ ಹುಡುಗಿಯರಿಗೆ, ಮಾತ್ರ ಲಾಭ, ಜೊತೆಗೆ ಅಲ್ಲಿನ ಹುಡುಗಿಯರು ವಿಜ್ಞಾನ ವಿಷಯಗಳನ್ನು ಕಡಿಮೆ ಆರಿಸಿಕೊಳ್ಳುತ್ತಾರೆ. ಆದರೆ ಅದೇ ದೇಶದ ಸರ್ಕಾರ 2010ರಲ್ಲಿ ಹಿಂದುಳಿದ 20 ಸಹಶಿಕ್ಷಣ ಶಾಲೆಗಳನ್ನು ಪ್ರತ್ಯೇಕ ತರಗತಿಗಳಾಗಿ ಬದಲಾಯಿಸಿದಾಗ, ಶಿಕ್ಷಕರು, ಕಟ್ಟಡ, ಪಠ್ಯ ಎಲ್ಲವೂ ಹಾಗೆಯೇ ಇದ್ದು, ಹುಡುಗರ ಅಂಕವೂ ಹುಡುಗಿಯರ ಅಂಕವೂ ಏರಿದವು ಎಂದು ಅವರೇ ಮುಂದೆ ತೋರಿಸಿದರು. ಹದಿಹರೆಯದಲ್ಲಿ ತಾಯಿಯಾಗುವವರ ಸಂಖ್ಯೆಯೂ ಪೊಲೀಸರ ಕೈಗೆ ಸಿಕ್ಕಿಬೀಳುವ ಹುಡುಗರ ಸಂಖ್ಯೆಯೂ ಕಡಿಮೆಯಾಯಿತು.

ಈ ಎರಡೂ ಕಡೆಯ ಪುರಾವೆಗಳನ್ನು ಓದಿ ನಾನು ಬಂದಿರುವ ತೀರ್ಮಾನ ಇಷ್ಟು: ಪ್ರತ್ಯೇಕ ತರಗತಿಯಿಂದ ಲಾಭ ಆಗಬಹುದು, ಆಗದೆಯೂ ಇರಬಹುದು, ಆದರೂ ಅದು ಸಾಧಾರಣ ಪ್ರಮಾಣದ್ದು. ನಮ್ಮ ಎಸ್‌ಎಸ್‌ಎಲ್‌ಸಿ ಫಲಿತಾಂಶಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. 2024ರಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ 81.11 ಮಂದಿ ಪಾಸಾದರು, ಹುಡುಗರಲ್ಲಿ ಶೇ 65.90. ಆ ಹುಡುಗಿಯರಲ್ಲಿ ಬಹುಪಾಲು ಮಂದಿ ಹುಡುಗರ ಜೊತೆ ಕೂತು ಓದಿದವರೇ. ಅದೇ ವರ್ಷ ಉಡುಪಿ ಶೇ 94 ಪಡೆದು ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ 50.59 ಪಡೆದು ಕೊನೆಯಲ್ಲಿತ್ತು. ಮರುವರ್ಷ ಕೊನೆಯ ಸ್ಥಾನ ಶೇ 42.43 ಪಡೆದ ಕಲಬುರಗಿಯದಾಯಿತು. ಜಿಲ್ಲೆ ಜಿಲ್ಲೆಗಳ ನಡುವೆ ಇಷ್ಟು ದೊಡ್ಡ ಕಂದಕವಿರುವಾಗ, ಒಂದೇ ಊರಿನ ಎರಡು ಶಾಲೆಗಳಲ್ಲಿ ಯಾವುದರಲ್ಲಿ ಹುಡುಗರಿದ್ದಾರೆ ಎಂಬುದರ ಮೇಲೆ ಮಗಳ ಅಂಕ ನಿಂತಿದೆ ಎಂದು ನಂಬುವುದು ನನಗೆ ಕಷ್ಟ.

ದಾರಿ ಮತ್ತು ಶೌಚಾಲಯ

ನಾನು ಕೂಡಿ ಓದುವ ಶಾಲೆಯಲ್ಲಿದ್ದಾಗ ಎಂಟನೆಯ ತರಗತಿಗೆ ಸೇರಿದ ಹುಡುಗಿಯರಲ್ಲಿ ಹತ್ತನೆಯದಕ್ಕೆ ತಲುಪದೆ ಉಳಿದವರ ಮನೆಗಳಿಗೆ ಹೋಗುತ್ತಿದ್ದೆ. ‘ತರಗತಿಯಲ್ಲಿ ಹುಡುಗರಿದ್ದಾರೆ’ ಎಂಬ ಕಾರಣ ಮೊದಲ ಮಾತಿನಲ್ಲಿ ಬಂದರೂ, ಅರ್ಧ ಗಂಟೆ ಕೂತು ಮಾತಾಡಿಸಿದರೆ ಬೇರೆಯದೇ ಹೊರಬೀಳುತ್ತಿತ್ತು. ಹತ್ತಿ ಬಿಡಿಸುವ ಕಾಲಕ್ಕೆ ತಾಯಿ ಹೊಲಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವರಿಲ್ಲ. ತಂದೆ ತಾಯಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿದ್ದಾರೆ, ಅಜ್ಜಿಯ ಜೊತೆಗಿರುವ ಹುಡುಗಿಯನ್ನು ದೂರ ಕಳಿಸಲು ಧೈರ್ಯವಿಲ್ಲ. ಬಸ್ ನಿಲ್ದಾಣದಿಂದ ಶಾಲೆಯವರೆಗಿನ ದಾರಿಯಲ್ಲಿ ಪಾನ್ ಅಂಗಡಿಯ ಮುಂದೆ ನಿಲ್ಲುವ ಪುಂಡರು ಮಾತಾಡುತ್ತಾರೆ. ಈ ಕೊನೆಯ ಕಾರಣವನ್ನು ಗಮನಿಸಬೇಕು. ಪೀಡಿಸುವವರು ದಾರಿಯಲ್ಲಿರುವವರು, ತರಗತಿಯಲ್ಲಿರುವವರಲ್ಲ; ಬಾಲಕಿಯರ ಶಾಲೆ ಇನ್ನೂ ಎಂಟು ಕಿಲೋಮೀಟರ್ ಮುಂದಿದ್ದರೆ ಆ ದಾರಿ ಇನ್ನೂ ಉದ್ದವಾಗುತ್ತದೆ.

ದೂರದ ಪರಿಣಾಮ ಎಷ್ಟು ಎಂಬುದಕ್ಕೆ ಬಿಹಾರದಲ್ಲಿ ಒಳ್ಳೆಯ ಪುರಾವೆ ಸಿಕ್ಕಿದೆ. ಅಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದಾಗ ಸರಿಯಾದ ವಯಸ್ಸಿಗೆ ಪ್ರೌಢಶಾಲೆ ಸೇರಿದ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿದ್ದು, ಆ ಏರಿಕೆ ಮುಖ್ಯವಾಗಿ ಶಾಲೆ ಮೂರು ಕಿಲೋಮೀಟರ್‌ಗಿಂತ ದೂರವಿದ್ದ ಹಳ್ಳಿಗಳಲ್ಲಿ ಕಂಡದ್ದು ಗೊತ್ತಾಯಿತು. ನಮ್ಮಲ್ಲಿ ಎಂಟನೆಯ ತರಗತಿಯವರಿಗೆ 2006–07ರಿಂದ ಸೈಕಲ್ ಕೊಡುವ ಯೋಜನೆ ಬಂದಿತ್ತು. ಆ ವರ್ಷಗಳಲ್ಲಿ ಒಂದೇ ಬಣ್ಣದ ಸೈಕಲ್ಲುಗಳ ಸಾಲು ಬೆಳಿಗ್ಗೆ ತೊಗರಿ ಹೊಲಗಳ ನಡುವೆ ಹಾದುಬರುವುದನ್ನು ನೋಡುವುದೇ ಚೆಂದವಿತ್ತು. ಈಗ ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಆದ್ದರಿಂದ ದೂರದ ಕನ್ಯಾ ಶಾಲೆಗೂ ಹತ್ತಿರದ ಶಾಲೆಗೂ ಖರ್ಚಿನಲ್ಲಿ ವ್ಯತ್ಯಾಸ ಉಳಿದಿಲ್ಲ. ಉಳಿದಿರುವುದು ಹೊತ್ತಿನ ವ್ಯತ್ಯಾಸ. ಬಸ್ಸು ದಿನಕ್ಕೆ ಎಷ್ಟು ಬಾರಿ ಬರುತ್ತದೆ, ಶಾಲೆ ಬಿಟ್ಟ ಮೇಲೆ ಸಂಜೆಯ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು, ನೂಕುನುಗ್ಗಲಿನಲ್ಲಿ ಚಾಲಕ ನಿಲ್ಲಿಸುತ್ತಾನೆಯೇ ಎಂಬುದನ್ನು ಸೇರಿಸುವ ಮೊದಲು ತಿಳಿಯಬೇಕು.

ಶೌಚಾಲಯದ ವಿಷಯದಲ್ಲಿ ಮಾತ್ರ ಕನ್ಯಾ ಶಾಲೆಗೆ ಸಹಜವಾದ ಅನುಕೂಲವಿದೆ. ಭಾರತದ ಶಾಲೆಗಳಲ್ಲಿ ಶೌಚಾಲಯ ಕಟ್ಟಿಸಿದ್ದರ ಪರಿಣಾಮವನ್ನು ಅಧ್ಯಯನ ಮಾಡಿದ ಅಂಜಲಿ ಅದುಕಿಯಾ, ಸಣ್ಣ ಮಕ್ಕಳಿಗೆ ಯಾವ ಶೌಚಾಲಯವಿದ್ದರೂ ಹಾಜರಿಗೆ ಅನುಕೂಲವಾಗುತ್ತದೆ, ಆದರೆ ಮೈನೆರೆದ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯವಿದ್ದರೆ ಮಾತ್ರ ಪ್ರಯೋಜನ ಎಂದು 2017ರಲ್ಲಿ ತೋರಿಸಿದ್ದಾರೆ. ಇದನ್ನು ತಿಳಿಯಲು ಅಧ್ಯಯನ ಬೇಕೇ ಎಂದು ಯಾವ ತಾಯಿಯಾದರೂ ಕೇಳಿಯಾಳು. ನಾನು ಕಲಿಸಿದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಬೀಗದ ಕೈ ಮುಖ್ಯ ಶಿಕ್ಷಕರ ಮೇಜಿನ ಖಾನೆಯಲ್ಲಿರುತ್ತಿತ್ತು, ಮುಖ್ಯ ಶಿಕ್ಷಕರು ಪುರುಷರು, ಕೈ ಕೇಳಲು ಯಾವ ಹುಡುಗಿಯೂ ಹೋಗುತ್ತಿರಲಿಲ್ಲ. ಕಾಗದದ ಮೇಲೆ ಆ ಶಾಲೆಯಲ್ಲಿ ಪ್ರತ್ಯೇಕ ಶೌಚಾಲಯವಿತ್ತು. ಕೂಡಿ ಓದುವ ಶಾಲೆಯನ್ನು ಆರಿಸುವವರು ಬಾಗಿಲು, ನೀರು, ಬೀಗ ಈ ಮೂರನ್ನೂ ಕಣ್ಣಾರೆ ಕಂಡೇ ಆರಿಸಬೇಕು.

ಶಿಕ್ಷಕರು, ವಿಜ್ಞಾನ, ಕಪ್ಪುಹಲಗೆ

ಕನ್ಯಾ ಶಾಲೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇಲ್ಲಿದೆ. ನಾನಿದ್ದ ಬಾಲಕಿಯರ ಶಾಲೆಗೆ ನಾನು ಹೋಗುವ ಮೊದಲು ಒಂದೂವರೆ ವರ್ಷ ಗಣಿತಕ್ಕೆ ಕಾಯಂ ಶಿಕ್ಷಕರಿರಲಿಲ್ಲ, ಮತ್ತು ಯಾರೂ ದೂರು ಕೊಟ್ಟಿರಲಿಲ್ಲ. ಮಗಳು ಸುರಕ್ಷಿತವಾಗಿ ಹೋಗಿ ಬಂದರೆ ಸಾಕು ಎಂಬಲ್ಲಿಗೆ ಪಾಲಕರ ನಿರೀಕ್ಷೆ ನಿಂತುಬಿಟ್ಟಿತ್ತು. ಪದವಿಪೂರ್ವ ಹಂತದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ತಾಲ್ಲೂಕಿನ ಬಾಲಕಿಯರ ಕಾಲೇಜಿನಲ್ಲಿ ಕಲೆ, ವಾಣಿಜ್ಯ ಇರುತ್ತವೆ, ವಿಜ್ಞಾನ ಇರುವುದಿಲ್ಲ, ಅಥವಾ ಇದ್ದರೂ ಪ್ರಯೋಗಾಲಯ ಬೀಗ ಹಾಕಿಕೊಂಡಿರುತ್ತದೆ. ವೈದ್ಯೆಯಾಗಬೇಕೆಂದಿದ್ದ ಹುಡುಗಿ ಹಾಗಾಗಿ ಕಲಾ ವಿಭಾಗಕ್ಕೆ ಹೋಗಿ ಕೂರುತ್ತಾಳೆ. ಟ್ರಿನಿಡಾಡ್‌ನ ಹುಡುಗಿಯರು ವಿಜ್ಞಾನ ಕಡಿಮೆ ಆರಿಸಿದ್ದಕ್ಕೆ ಅಲ್ಲಿನ ಕಾರಣ ಏನೇ ಇರಲಿ, ಇಲ್ಲಿ ಎಷ್ಟೋ ಸಲ ಆರಿಸುವ ಅವಕಾಶವೇ ಇರುವುದಿಲ್ಲ.

ಆದರೂ ಅದೇ ಶಾಲೆಯಲ್ಲಿ ನಾನು ಕಂಡ ಇನ್ನೊಂದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಅಲ್ಲಿ ಪ್ರಮೇಯ ಬಿಡಿಸಲು ಕಪ್ಪುಹಲಗೆಯ ಹತ್ತಿರ ಬರುವವರು ಹುಡುಗಿಯರೇ, ತಪ್ಪು ಮಾಡುವವರೂ ಅವರೇ, ತಿದ್ದುವವರೂ ಅವರೇ; ಶಾಲಾ ನಾಯಕಿ, ವಿಜ್ಞಾನ ಮೇಳದ ಮುಂದಾಳು, ಸ್ವಾತಂತ್ರ್ಯ ದಿನದ ಕವಾಯತಿನ ಕಮಾಂಡರ್ ಎಲ್ಲ ಜಾಗಗಳೂ ಅವರವು. ಕೂಡಿ ಓದುವ ಶಾಲೆಗೆ ವರ್ಗವಾಗಿ ಬಂದಾಗ ಎಡಕ್ಕೆ ಹುಡುಗಿಯರು, ಬಲಕ್ಕೆ ಹುಡುಗರು, ನಡುವೆ ಕಾಲುದಾರಿ. ಕೈ ಎತ್ತುವುದು ಬಲಬದಿ ಮಾತ್ರ. ಉತ್ತರ ಎಡಬದಿಯ ನೋಟ್‌ಪುಸ್ತಕಗಳಲ್ಲಿ ಸರಿಯಾಗಿಯೇ ಇರುತ್ತಿತ್ತು. ಹಾಜರಿ ಸಂಖ್ಯೆಯ ಚೀಟಿ ಎತ್ತಿ ಒಬ್ಬೊಬ್ಬರನ್ನೇ ಹಲಗೆಗೆ ಕರೆಯುವ ಪದ್ಧತಿ ಶುರುಮಾಡಿದ ಮೇಲೆ ಮೂರು ತಿಂಗಳಲ್ಲಿ ಅದು ಬದಲಾಯಿತು. ಸಹಶಿಕ್ಷಣದ ಶಾಲೆ ಎಂದರೆ ತಾನಾಗಿಯೇ ಸಮಾನತೆ ಕಲಿಸುತ್ತದೆ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ಕಲಿಸಿದರೆ ಕಲಿಯುತ್ತಾರೆ: ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಏಳು ಮತ್ತು ಎಂಟನೆಯ ತರಗತಿಯಿಂದ ಶುರುಮಾಡಿ ಎರಡೂವರೆ ವರ್ಷ ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ತರಗತಿಯಲ್ಲಿ ಚರ್ಚೆ ನಡೆಸಿದ್ದರಿಂದ ಮಕ್ಕಳ ಅಭಿಪ್ರಾಯ ಬದಲಾದದ್ದಷ್ಟೇ ಅಲ್ಲ, ಹುಡುಗರು ಮನೆಗೆಲಸದಲ್ಲಿ ಹೆಚ್ಚು ಕೈಜೋಡಿಸತೊಡಗಿದರು. ಅನುಭವ ಮಂಟಪದ ನೆಲವಾದ ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಅಲ್ಲಮನ ಪ್ರಶ್ನೆಗೆ ಅಕ್ಕ ಉತ್ತರ ಕೊಟ್ಟ ಕಥೆಯನ್ನು ಪಾಠವಾಗಿ ಓದುವ ಮಕ್ಕಳೇ ನಡುವಿನ ಕಾಲುದಾರಿಯ ಈಚೆ ಬಾಯಿ ಕಟ್ಟಿಕೊಂಡು ಕೂರುವುದು ನನಗೆ ಎಂದೂ ಸರಿಕಂಡಿಲ್ಲ.

ಹುಡುಗರ ಪಾಲು

ಈ ಚರ್ಚೆಯೆಲ್ಲ ಹೆಣ್ಣುಮಕ್ಕಳ ಸುತ್ತಲೇ ಸುತ್ತುತ್ತದೆ. ಮಗನನ್ನು ಬಾಲಕರ ಶಾಲೆಗೇ ಸೇರಿಸಬೇಕೆಂದು ಹಟ ಹಿಡಿದ ತಂದೆಯನ್ನು ನಾನು ನೋಡಿಲ್ಲ. ಫೇಲಾಗುತ್ತಿರುವವರಲ್ಲಿ ಹೆಚ್ಚಿನವರು ಹುಡುಗರೇ ಆಗಿರುವಾಗ ಅವರಿಗೆ ಯಾವುದು ಒಳ್ಳೆಯದು ಎಂದೂ ಕೇಳಬೇಕಲ್ಲವೇ? ಇಸ್ರೇಲಿನಲ್ಲಿ ವಿಕ್ಟರ್ ಲಾವಿ ಮತ್ತು ಅನಲಿಯಾ ಶ್ಲೋಸರ್ ನಡೆಸಿದ ಅಧ್ಯಯನದ ಪ್ರಕಾರ ತರಗತಿಯಲ್ಲಿ ಹುಡುಗಿಯರ ಪ್ರಮಾಣ ಹೆಚ್ಚಿದಂತೆ ಗಲಾಟೆ ಕಡಿಮೆಯಾಗುತ್ತದೆ, ಶಿಕ್ಷಕರ ದಣಿವು ಕಡಿಮೆಯಾಗುತ್ತದೆ, ಹುಡುಗರ ಮತ್ತು ಹುಡುಗಿಯರ ಇಬ್ಬರ ಕಲಿಕೆಯೂ ಸುಧಾರಿಸುತ್ತದೆ. ಊರಿನ ಹುಡುಗಿಯರೆಲ್ಲ ಕನ್ಯಾ ಶಾಲೆಗೆ ಹೋದರೆ ಹಿಂದೆ ಉಳಿಯುವ ತರಗತಿ ಹೇಗಿರುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು. ಮಗ ಮಗಳು ಇಬ್ಬರೂ ಇರುವ ಮನೆಯವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಬೇರೆ ಸೆಕ್ಷನ್ ಮಾಡುವ ಕಾಲೇಜುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಸೆಕ್ಷನ್ನುಗಳಿಗೆ ಅದೇ ಉಪನ್ಯಾಸಕರು, ಅದೇ ಪ್ರಯೋಗಾಲಯ, ಅದೇ ವೇಳಾಪಟ್ಟಿ ಇದ್ದರೆ ಇದು ಒಳ್ಳೆಯ ನಡುದಾರಿ. ಅನುಭವಿ ಉಪನ್ಯಾಸಕರು ಒಂದು ಸೆಕ್ಷನ್ನಿಗೆ ಮಾತ್ರ ಹೋಗುತ್ತಿದ್ದರೆ ಅಲ್ಲ.

ಅಪವಾದ

ಮೊದಲು ಹೇಳಿದ ಅಪವಾದ ಈಗ ಬಂತು. ‘ಹುಡುಗರಿರುವ ಶಾಲೆಯಾದರೆ ಕಳಿಸುವುದಿಲ್ಲ, ಮನೆಯಲ್ಲಿರಲಿ’ ಎಂದು ಮನೆಯ ಹಿರಿಯರು ಖಚಿತವಾಗಿ ಹೇಳಿದ್ದರೆ ಹೋಲಿಕೆ ನಡೆಯುವುದು ಎರಡು ಶಾಲೆಗಳ ನಡುವೆ ಅಲ್ಲ. ಶಾಲೆ ಮತ್ತು ಮದುವೆಯ ನಡುವೆ. 2011ರ ಜನಗಣತಿಯಲ್ಲಿ ಶೇ 51.83 ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಯಾದಗಿರಿಯಂಥ ಜಿಲ್ಲೆಯಲ್ಲಿ ಇದು ಬರಿಯ ಊಹೆಯ ಮಾತಲ್ಲ. ಆಗ ಕನ್ಯಾ ಶಾಲೆ ಸ್ವಲ್ಪ ದೂರವಿದ್ದರೂ, ಒಬ್ಬ ಶಿಕ್ಷಕರು ಕಡಿಮೆ ಇದ್ದರೂ ಅದನ್ನೇ ಆರಿಸಬೇಕು, ತಡಮಾಡದೆ ಆರಿಸಬೇಕು. ಕಲಬುರಗಿಯಲ್ಲಿ ಮುಂದಿನ ದಾರಿಯೂ ಇದೆ: ಗೋದುತಾಯಿ, ವೀರಮ್ಮ ಗಂಗಸಿರಿ, ಬೀಬಿ ರಜಾ ಹೆಸರಿನ ಮಹಿಳಾ ಪದವಿ ಕಾಲೇಜುಗಳು ನಗರದಲ್ಲಿವೆ, ಶರಣಬಸವ ವಿಶ್ವವಿದ್ಯಾಲಯದಲ್ಲಿ ಮಹಿಳೆಯರಿಗೆಂದೇ ಎಂಜಿನಿಯರಿಂಗ್ ವಿಭಾಗವಿದೆ, ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. ಹತ್ತನೆಯ ತರಗತಿಯಲ್ಲಿ ಒಪ್ಪದ ತಂದೆ ಪದವಿಯ ಹೊತ್ತಿಗೆ ಒಪ್ಪಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಹುಡುಗಿ ಓದುತ್ತ ಇದ್ದರೆ ತಾನೆ ಆ ಹೊತ್ತು ಬರುವುದು.

ಗುಳೆ ಹೋಗುವ ಮನೆಗಳಿಗೆ ಕಸ್ತೂರಬಾ ವಿದ್ಯಾಲಯದಂಥದ್ದು ಬೇರೆ ಇಲ್ಲ. 2004ರಲ್ಲಿ ಶುರುವಾದ ಈ ಯೋಜನೆಯಲ್ಲಿ ಶೇ 75ರಷ್ಟು ಸೀಟು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯದ ಹುಡುಗಿಯರಿಗೆ, ಉಳಿದದ್ದು ಬಡತನ ರೇಖೆಗಿಂತ ಕೆಳಗಿನವರಿಗೆ. ಮೊದಲು ಇದು ಎಂಟನೆಯ ತರಗತಿಯವರೆಗೆ ಮಾತ್ರ ಇತ್ತು. 2018ರ ನಂತರ ಹನ್ನೆರಡರವರೆಗೆ ಏರಿಸಲು ಅವಕಾಶವಾಗಿದೆ. ನಿಮ್ಮ ತಾಲ್ಲೂಕಿನ ವಿದ್ಯಾಲಯ ಎಷ್ಟನೆಯ ತರಗತಿಯವರೆಗೆ ಇದೆ ಎಂದು ಸೇರಿಸುವಾಗಲೇ ಕೇಳಿ, ಏಕೆಂದರೆ ಎಂಟಕ್ಕೆ ಮುಗಿದರೆ ಕಟ್ಟೆಯ ಮೇಲಿನ ಆ ಮಾತು ಮತ್ತೆ ಏಳುತ್ತದೆ.

ನೋಡಲು ಹೋಗುವಾಗ

ಶಾಲೆ ನೋಡಲು ಮೇ ತಿಂಗಳಲ್ಲಿ ಹೋದರೆ ಕಟ್ಟಡ ಮಾತ್ರ ಕಾಣುತ್ತದೆ. ಫೆಬ್ರುವರಿಯಲ್ಲಿ, ತರಗತಿಗಳು ನಡೆಯುತ್ತಿರುವಾಗ, ಮಗಳನ್ನೂ ಕರೆದುಕೊಂಡು ಹೋಗಿ. ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರು ಕಾಯಂ ಇದ್ದಾರೆಯೇ, ಅತಿಥಿ ಶಿಕ್ಷಕರೇ, ಎಷ್ಟು ತಿಂಗಳಿಂದ ಇದ್ದಾರೆ ಎಂದು ಕೇಳಿ. ಕಳೆದ ವರ್ಷ ಎಂಟನೆಯ ತರಗತಿಗೆ ಸೇರಿದ ಹುಡುಗಿಯರೆಷ್ಟು, ಈ ವರ್ಷ ಒಂಬತ್ತರಲ್ಲಿ ಇರುವವರೆಷ್ಟು ಎಂದು ಕೇಳಿ. ಪಾಸಾದವರ ಶೇಕಡಾವಾರಿಗಿಂತ ಇದು ಹೆಚ್ಚು ತಿಳಿಸುತ್ತದೆ, ಏಕೆಂದರೆ ನಡುವೆ ಬಿಟ್ಟುಹೋದವರು ಪರೀಕ್ಷೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಕೂಡಿ ಓದುವ ಶಾಲೆಯಾದರೆ ತರಗತಿಯ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಯಾರು ಕೈ ಎತ್ತುತ್ತಾರೆ ನೋಡಿ. ಕನ್ಯಾ ಶಾಲೆಯಾದರೆ ಪ್ರಯೋಗಾಲಯದ ಬೀಗ ತೆಗೆಸಿ ಗಾಜಿನ ಸಾಮಾನಿನ ಮೇಲೆ ಧೂಳು ಎಷ್ಟಿದೆ ನೋಡಿ. ಆಮೇಲೆ ಮಗಳೊಡನೆ ನಿಲ್ದಾಣಕ್ಕೆ ನಡೆದುಬಂದು, ನಿಮ್ಮೂರಿನ ಸಂಜೆಯ ಬಸ್ಸಿಗೆ ಅವಳು ದಿನವೂ ಕಾಯಬೇಕಾದ ಜಾಗದಲ್ಲೇ ನಿಂತು ಕಾಯಿರಿ; ಆ ಹೊತ್ತಿನಲ್ಲಿ ಅವಳಿಗೆ ಯಾವ ಶಾಲೆ ಮನಸ್ಸಿಗೆ ಬಂತು ಎಂದು ಅವಳನ್ನೇ ಕೇಳಿ.